ಉಡಿಗೆ ಹಾಕಿದ ಬಿಸಿಲು

ಆಯಿ ಬೀಳಲಿಲ್ಲ. ಜಾರಲೂ ಇಲ್ಲ. ರೊಟ್ಟಿ ಬಡಿದು ಮುಗಿಸಿ, ದಿನವೂ ಏಳುವಂತೆ ಎಡಗೈಯನ್ನು ಶಹಾಬಾದ ಕಲ್ಲಿನ ನೆಲಕ್ಕೆ ಊರಿ ಏಳಹೋದಳು, ಅಷ್ಟೇ. ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸದ್ದಾಯಿತು.

ಮೊಮ್ಮಗಳು ಸುಗಲಾ ಒಳಗಿನಿಂದ ಓಡಿ ಬಂದಾಗ ಆಯಿ ತನ್ನ ಮಣಿಕಟ್ಟನ್ನು ಯಾರದೋ ಕೈಯೆಂಬಂತೆ ನೋಡುತ್ತ ಕೂತಿದ್ದಳು.

"ಏನಾತು ಆಯಿ?"

"ಏನಿಲ್ಲ ತಗೋ. ಎಲುಬು ಎಲ್ಲೋ ಸರದಂಗಾತು. ಹಂಚಿನ ಮ್ಯಾಲ ರೊಟ್ಟಿ ಅದ, ಹೊತ್ತತದ, ಮೊದಲ ಅದನ್ನ ತೆಗಿ."

ದವಾಖಾನೆಯಲ್ಲಿ ಕೈಗೆ ಕಟ್ಟು ಹಾಕಿದ ಡಾಕ್ಟರ್ ಹುಡುಗನಂತಿದ್ದ. "ಎಲ್ಲಿ ಬಿದ್ರಿ ಅಮ್ಮಾ?" ಎಂದು ಕೇಳಿದ.

"ಬಿದ್ದಿಲ್ಲಪಾ, ಎದ್ದೆ."

"ಎಲ್ಲಾರೂ ಬಿದ್ದು ಮುರಕೋತಾರ, ನೀವು ಎದ್ದು ಮುರಕೊಂಡೀರಿ" ಎಂದು ಅವನು ನಕ್ಕ. ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದಾಗ ಮಾತ್ರ ಆ ನಗು ನಿಂತಿತು. ಎಲುಬಿನ ಅಂಚುಗಳು ಪೆನ್ಸಿಲಿನಲ್ಲಿ ಗೀಚಿದಂತೆ ತೆಳ್ಳಗಿದ್ದವು. ನಡುವೆ ಬರೀ ಬೂದು. ಅವನು ಆಯಿಯ ಕೊರಳಪಟ್ಟಿಯತ್ತ ಬಾಗಿ ನೋಡಿದ. ಅದು ಹಸಿರಾಗಿಯೇ ಮಿನುಗುತ್ತಿತ್ತು. "ಪಟ್ಟಿ ಹಸರದ. ಹಂಗಾದ್ರ ಬಿಸಿಲಿನ ಕೊರತಿ ಅಲ್ಲ. ವಯಸ್ಸು ನೋಡ್ರಿ, ವಯಸ್ಸು" ಎಂದ.

ಆ ಹಸಿರು ಬಂದದ್ದು ಸುಗಲಾಳ ಕೈಯಿಂದಲೇ.

*

ಕಲಬುರಗಿಯ ಮೇಲೆ ಚಾವಣಿ ಎಳೆದದ್ದು ಸುಗಲಾ ಹುಟ್ಟುವ ಮುಂಚೆ. ಬೇಸಿಗೆ ಹಗಲಿನಲ್ಲಿ ಹೊರಗೆ ನಿಂತವರು ನಿಂತಲ್ಲೇ ಕುಸಿಯತೊಡಗಿದಾಗ, ಊರಿನ ಈ ತುದಿಯಿಂದ ಆ ತುದಿಗೆ ಪೊರೆಯಂಥದೊಂದನ್ನು ಹಾಸಿದರು. ಅದು ಕಾವನ್ನು ಮೇಲಕ್ಕೇ ತಿರುಗಿಸಿ ಕಳಿಸುತ್ತದೆ. ಜೊತೆಗೆ ನೇರಳಾತೀತ ಕಿರಣಗಳನ್ನೂ. ಹಾಗಾಗಿ ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಬಿಸಿಲನಾಡು ಎಂದು ಹೆಸರಾದ ನೆಲದಲ್ಲಿ ಮಕ್ಕಳ ಕಾಲು ಬಿಲ್ಲಿನಂತೆ ಬಾಗತೊಡಗಿದ ಮೇಲೆ ಜನಕ್ಕೆ ಬಿಸಿಲಿನ ಬೆಲೆ ತಿಳಿಯಿತು. ಚರ್ಮಕ್ಕೆ ಆ ಕಿರಣ ತಾಗದಿದ್ದರೆ ಮೈಯಲ್ಲಿ ವಿಟಮಿನ್ ಡಿ ತಯಾರಾಗದು. ಅದಿಲ್ಲದೆ ಉಂಡ ಅನ್ನದೊಳಗಿನ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಇಳಿಯದು. ಮಾತ್ರೆಗಳನ್ನು ಹಿಂದೆ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡುತ್ತಿದ್ದರಂತೆ. ಕಾವಿಗೆ ಕುರಿಹಿಂಡುಗಳೇ ಇಲ್ಲವಾದ ಮೇಲೆ ಮಾತ್ರೆ ಎಂಬುದು ಹಾಸಿಗೆ ಹಿಡಿದವರ ಪಾಲಿನದಾಯಿತು.

ಉಳಿದವರಿಗೆ ಓಣಿಗೊಂದು ಬಿಸಿಲಖೋಲಿ. ಒಬ್ಬರು ಕೂಡುವಷ್ಟು ಸಣ್ಣ ಕೋಣೆ, ಮೇಲೆ ಎಳೆಬಿಸಿಲಿನಂಥ ಕಿರಣ ಸುರಿಸುವ ದೀಪ. ದೀಪಗಳು ಬೇಗ ಸವೆಯುತ್ತವೆ, ಆದ್ದರಿಂದ ಪಾಲು ಹಂಚಲೇಬೇಕು. ಎಷ್ಟು ಪಾಲು ಎನ್ನುವುದನ್ನು ಕೊರಳಪಟ್ಟಿ ಹೇಳುತ್ತದೆ.

ಕೊರಳಿನಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಜೋಳದ ಕಾಳಿನಷ್ಟು ಸಣ್ಣ ನಾಲ್ಕು ಗ್ರಂಥಿಗಳಿವೆ. ಪ್ಯಾರಾಥೈರಾಯ್ಡ್ ಎನ್ನುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಕೊಂಚ ಇಳಿದರೂ ಸಾಕು, ಈ ನಾಲ್ಕೂ ಹಾರ್ಮೋನು ಸುರಿಸಿ ಎಲುಬಿನಿಂದ ಕ್ಯಾಲ್ಸಿಯಂ ಕೀಳಿಸುತ್ತವೆ. ಬಿಸಿಲು ಸಾಕಷ್ಟಿದ್ದರೆ ಅವು ತಣ್ಣಗಿರುತ್ತವೆ. ಇಲ್ಲದಿದ್ದರೆ ಮನೆಯ ಗೋಡೆಯನ್ನೇ ಕಿತ್ತು ಒಲೆಗೆ ಹಾಕಿದಂತೆ. ಪಟ್ಟಿ ಅಳೆಯುವುದು ಆ ಹಾರ್ಮೋನನ್ನು. ಗೊತ್ತುಮಾಡಿದ ಗೆರೆಯ ಕೆಳಗಿದ್ದರೆ ಹಸಿರು, ದಿನಕ್ಕೊಂದು ಸರದಿ. ಮೇಲೇರಿದರೆ ಕೆಂಪು, ಎರಡು ಸರದಿ. ಖೋಲಿಯ ಬಾಗಿಲಿಗೆ ಕೊರಳು ತಾಗಿಸಿದರೆ ಬಾಗಿಲು ತೆರೆಯುತ್ತದೆ.

ಹೋದ ವರ್ಷದವರೆಗೆ ಎಲ್ಲರಿಗೂ ಒಂದೇ ಗೆರೆ ಇತ್ತು. ಆಗ ಊರಿನ ಮುದುಕ ಮುದುಕಿಯರ ಪಟ್ಟಿಗಳೆಲ್ಲ ಸದಾ ಕೆಂಪು.

*

"ಕೂಡು ಮೊದಲ. ನೀ ಹಿಂಗ ಅಡ್ಡಾಡಿದ್ರ ನನಗ ಚಕ್ಕರ್ ಬರ್ತದ" ಎಂದರು ಖಮರುನ್ನೀಸಾ ಮೇಡಂ, ಸುಗಲಾಳ ಮೇಲಧಿಕಾರಿ.

ಬಿಸಿಲು ಹಂಚಿಕೆ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ತುಂಬ ಊರು ಹರಡಿತ್ತು. ಪ್ರತಿ ಕೊರಳಿಗೆ ಒಂದು ಚುಕ್ಕೆ, ಹೆಚ್ಚಿನವೆಲ್ಲ ಹಸಿರು. ಸುಗಲಾ ಕೂಡಲಿಲ್ಲ. ಆಯಿಯ ಚುಕ್ಕೆಯನ್ನು ಹಿಗ್ಗಿಸಿ ನಿಂತಳು.

"ನೋಡ್ರಿ ಮೇಡಂ. ಹಾರ್ಮೋನ್ ನೂರಾ ಹತ್ತು. ಹಳೇ ಗೆರಿ ಅರವತ್ತೈದು ಇತ್ತು, ಅದರ ಪ್ರಕಾರ ಕೆಂಪು. ಆಯಿ ವಯಸ್ಸಿಗಿ ನಾವು ಹಾಕಿದ ಹೊಸ ಗೆರಿ ನೂರಾ ಹದಿನೈದು. ಹಂಗಾಗಿ ಹಸರು."

"ಹೌದಲ್ಲ. ನೀನೇ ಬರೆದಿದ್ದು."

ಅವಳೇ ಬರೆದದ್ದು. ಕೆಂಪು ಪಟ್ಟಿಯ ವಯಸ್ಸಾದವರಿಗೆ ಎರಡೆರಡು ಸರದಿ ಹೋಗಿ ದೀಪಗಳು ಸಾಲದಾದಾಗ, ಇಷ್ಟೊಂದು ಬಿಸಿಲು ಕುಡಿದರೂ ಇವರ ಹಾರ್ಮೋನು ಯಾಕೆ ಇಳಿಯದು ಎಂದು ಪತ್ತೆ ಹಚ್ಚಲು ಅವಳಿಗೆ ವಹಿಸಿದ್ದರು. ಹಳೆಯ ವೈದ್ಯಶಾಸ್ತ್ರವೂ ಒಂದು ಮಾತು ಹೇಳಿತ್ತು: ವಿಟಮಿನ್ ಡಿ ಒಂದೇ ಮಟ್ಟದಲ್ಲಿದ್ದರೂ ಮೂವತ್ತರವರಿಗಿಂತ ಎಪ್ಪತ್ತರವರಲ್ಲಿ ಈ ಹಾರ್ಮೋನು ಹೆಚ್ಚಿರುತ್ತದೆ. ಮೂತ್ರಪಿಂಡ ದಣಿದಿರುತ್ತದೆ, ಕರುಳು ಮೊದಲಿನಂತೆ ಹೀರುವುದಿಲ್ಲ, ಆ ನಾಲ್ಕು ಕಾಳುಗಳಿಗೂ ಕಿವಿ ಮಂದವಾಗಿರುತ್ತದೆ. ಹೆಚ್ಚಿರುತ್ತದೆ, ಸರಿ. ಎಷ್ಟು ಹೆಚ್ಚು? ಅದನ್ನು ತಿಳಿಯಲು ಸುಗಲಾ ಊರಿನ ವೃದ್ಧರಲ್ಲಿ ಒಂದು ದಿನವೂ ತಪ್ಪಿಸದೆ ಎರಡೂ ಸರದಿ ಪಡೆದವರನ್ನೇ ಆರಿಸಿದಳು. ಬಾಗಿಲಿನ ದಾಖಲೆಯಲ್ಲಿ ಅದು ಸ್ಪಷ್ಟವಾಗಿತ್ತು. ಅಂಥವರಲ್ಲಿ ಬಹುಪಾಲು ಹೆಂಗಸರೇ. ಬಿಸಿಲು ತುಂಬಿದ ಮೈಯಲ್ಲೂ ನೂರು ದಾಟಿದರೆ ಅದು ವಯಸ್ಸಿನ ಗುಣವಲ್ಲದೆ ಮತ್ತೇನು? ವಯಸ್ಸಿಗೆ ತಕ್ಕಂತೆ ಗೆರೆ ಮೇಲೇರಿತು. ಮುದುಕಿಯರ ಪಟ್ಟಿಗಳು ಒಂದೇ ಬೆಳಗಿನಲ್ಲಿ ಹಸಿರಾದವು. ಉಳಿದ ಸರದಿಗಳು ಮಕ್ಕಳಿಗೆ ಹೋದವು. ಕೇಂದ್ರದಲ್ಲಿ ಪೇಡೆ ಹಂಚಿದ್ದರು.

"ನಿಮ್ಮ ಅಜ್ಜಿ ಸರದಿ ತಪ್ಪಿಸ್ಯಾರೇನು?" ಎಂದು ಮೇಡಂ ಕೇಳಿದರು.

"ಒಂದಿನಾನೂ ಇಲ್ರಿ. ಜ್ವರ ಬಂದಾಗೂ ಹೋಗ್ಯಾಳ."

"ಮತ್ತ ಬಿಸಿಲು ಸರಿ ಅದ, ಹಾರ್ಮೋನು ವಯಸ್ಸಿಗೆ ತಕ್ಕಂಗ ಅದ. ಎಲುಬು ಸವೀತದಮ್ಮಾ. ನನ್ನ ಮೊಣಕಾಲು ನೋಡು, ನಮಾಜಿಗೆ ಕುರ್ಚಿ ಹಾಕೊಂಡೀನಿ."

"ಆಯಿ ರಕ್ತದಾಗಿನ ವಿಟಮಿನ್ ನೋಡಬೇಕು ನಾನು. ಪಟ್ಟಿ ಅಲ್ಲ, ಬಾಗಿಲಿನ ದಾಖಲೆ ಅಲ್ಲ. ರಕ್ತ."

ಅಂಥ ತಪಾಸಣೆಯ ರಾಸಾಯನಿಕ ಕಡಿಮೆ ಇತ್ತು. ಮೇಡಂ ಅದನ್ನಿಟ್ಟ ಕಪಾಟಿನ ಬೀಗದ ಕೈ ಕೊಟ್ಟರು.

ದವಾಖಾನೆಯಲ್ಲಿ ತೆಗೆದಿಟ್ಟ ರಕ್ತವನ್ನು ಪರೀಕ್ಷಿಸಿದಾಗ ಮಧ್ಯಾಹ್ನಕ್ಕೆ ಉತ್ತರ ಬಂತು. ಆಯಿಯ ರಕ್ತದಲ್ಲಿ ವಿಟಮಿನ್ ಡಿ ತಳ ಕಂಡಿತ್ತು. ವರ್ಷಗಳಿಂದ ಬಿಸಿಲನ್ನೇ ಕಾಣದ ಮೈಯಲ್ಲಿ ಇರುವಷ್ಟು.

ಸುಗಲಾ ಎರಡನೆಯ ಸಲ ಮಾಡಿ ನೋಡಿದಳು. ಅದೇ ಉತ್ತರ. ಖೋಲಿಯ ದೀಪ ಕೆಟ್ಟಿದೆಯೇ? ಅದೇ ಓಣಿಯ ಮಕ್ಕಳು ಚೆನ್ನಾಗಿದ್ದರು. ಆಯಿಯ ಚರ್ಮ ಕೆಟ್ಟಿದೆಯೇ? ಚರ್ಮ ಮುಪ್ಪಾದರೂ ಇಷ್ಟಿಷ್ಟಾದರೂ ಮಾಡುತ್ತದೆ. ಬಾಗಿಲು ತೆರೆದದ್ದು ನಿಜ. ದೀಪ ಉರಿದದ್ದೂ ನಿಜ. ಹಾಗಾದರೆ ಆ ಬಿಸಿಲು ಎಲ್ಲಿ ಹೋಯಿತು?

*

ಮನೆಯಲ್ಲಿ ವೈನಿ ಪುಂಡಿಪಲ್ಯ ಸೋಸುತ್ತಿದ್ದಳು. ಸುಗಲಾಳ ಅಣ್ಣನ ಹೆಂಡತಿ ಗಂಗಾಂಬಿಕಾ; ಏಳು ತಿಂಗಳ ಬಸುರಿ. ಆಯಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಎಲೆ ಬಿಡಿಸಿ ಕೊಡುತ್ತಿದ್ದಳು.

"ಆಯಿ, ಬಿಸಿಲಖೋಲ್ಯಾಗ ನೀ ಏನ್ ಮಾಡ್ತಿ?" ಎಂದಳು ಸುಗಲಾ.

"ಖೋಲ್ಯಾಗ ಏನ್ ಮಾಡ್ತಾರ? ಹೋಗ್ತಾರ, ಬರ್ತಾರ."

"ಮೈ ಮುಚಗೊಂಡು ಕೂಡ್ತಿಯೇನು?"

ವೈನಿಯ ಕೈ ಸೊಪ್ಪಿನಲ್ಲೇ ನಿಂತಿತು. ಆಯಿ ಅವಳತ್ತ ನೋಡಲಿಲ್ಲ. ನೋಡದಿದ್ದುದೇ ಹೆಚ್ಚು ಕಂಡಿತು.

"ನೀ ಆಫೀಸಿನಾಗ ಇಡೀ ಊರಿನ ಕೊರಳು ನೋಡ್ತಿ, ಮನಿಗಿ ಬಂದೂ ನೋಡಬ್ಯಾಡ" ಎಂದಳು ಆಯಿ. "ಕೈಕಾಲ ತೊಳಕೋ, ಉಣ್ಣು."

ಸುಗಲಾ ಉಣ್ಣಲು ಕೂತಳು. ತಾನು ಓಣಿಯ ಖೋಲಿಗೆ ಹೋಗಿ ಎಷ್ಟು ಕಾಲವಾಯಿತು ಎಂದು ಯೋಚಿಸಿದಳು. ಕೇಂದ್ರದ ಸಿಬ್ಬಂದಿಗೆ ಅಲ್ಲಿಯೇ ದೀಪವಿತ್ತು. ಸರದಿಯಿಲ್ಲ, ಬಾಗಿಲಿಗೆ ಕೊರಳು ತಾಗಿಸಬೇಕೆಂದಿಲ್ಲ. ಕೆಲಸದ ನಡುವೆ ಹೋಗಿ ಕೂತು ಬರುತ್ತಿದ್ದಳು. ಊರಿಗೆ ಬಿಸಿಲು ಹಂಚುವವಳು ಹಂಚಿದ ಬಿಸಿಲನ್ನು ಕಂಡೇ ಇರಲಿಲ್ಲ.

*

ಮರುದಿನ ಬೆಳಿಗ್ಗೆ ಅವಳು ಹೇಳದೆ ಕೇಳದೆ ಆಯಿಯ ಹಿಂದೆಯೇ ಹೋದಳು.

ಖೋಲಿಯ ಮುಂದಿನ ಕಟ್ಟೆಯ ಮೇಲೆ ಹೆಂಗಸರ ಸಾಲು. ಮುದುಕಿಯರು ಒಂದು ಮಗ್ಗುಲು, ಬಸುರಿಯರು ಬಾಣಂತಿಯರು ಇನ್ನೊಂದು ಮಗ್ಗುಲು. ಮೊದಲಿಗೆ ಪಕ್ಕದ ಮನೆಯ ಹಣಮವ್ವ ಎದ್ದಳು. ಬಾಗಿಲಿಗೆ ಕೊರಳು ತಾಗಿಸಿದಳು. ಬಾಗಿಲು ತೆರೆಯಿತು. ಹಣಮವ್ವ ಬದಿಗೆ ಸರಿದು ನಿಂತಳು. ಒಳಗೆ ಹೋದವಳು ಅವಳ ಸೊಸೆ. ಹೋಗುವ ಮುಂಚೆ ಸೊಸೆ ಸೆರಗಿನ ಉಡಿ ಒಡ್ಡಿದಳು, ಹಣಮವ್ವ ಖಾಲಿ ಬೊಗಸೆಯನ್ನು ಅದರಲ್ಲಿ ಸುರಿದಂತೆ ಮಾಡಿದಳು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ ಸುರಿಯುವ ಹಾಗೆಯೇ.

ಆಮೇಲೆ ಆಯಿ. ಬಾಗಿಲಿಗೆ ಕೊರಳು. ಬದಿಗೆ ಒಂದು ಹೆಜ್ಜೆ. ಸಾಲಿನಿಂದ ಮುಂದೆ ಬಂದ ವೈನಿಯ ಉಡಿಗೆ ಒಂದೇ ಕೈಯ ಬೊಗಸೆ.

"ಇವತ್ತ ಅರ್ಧ ಬೊಗಸಿನೇ, ಗೌರವ್ವಾ" ಎಂದು ಯಾರೋ ಆಯಿಯನ್ನು ನೋಡಿ ನಕ್ಕರು.

"ಕೈ ಮುರದದ, ಬಿಸಿಲು ಮುರದಿಲ್ಲ" ಎಂದಳು ಆಯಿ. ತಿರುಗಿದರೆ ಎದುರಿಗೆ ಸುಗಲಾ.

"ಬಸುರಿಗಿ ಕುಬಸ ಮಾಡಿದ ದಿನ ಹಿಂಗ ಉಡಿ ತುಂಬ್ತೀರಿ ಅಂತ ಗೊತ್ತಿತ್ತು" ಎಂದಳು ಸುಗಲಾ. "ದಿನಾ ಮಾಡ್ತೀರೇನು?"

"ಬಸುರಿ ಒಂದಿನ ಇರ್ತದೇನು? ಹಸರು ತೋರಸ್ತದಂತ ನಿಮ್ಮ ಪಟ್ಟಿ ಬಸುರಿಗಿ ಒಂದೇ ಸರದಿ ಕೊಡ್ತದ. ಎರಡು ಜೀವಕ್ಕ ಒಂದ್ ಸರದಿ. ಯಾವ ಊರ ನ್ಯಾಯ ಅದು?"

ಬಸುರಿನಲ್ಲಿ ಆ ಹಾರ್ಮೋನು ತಾನಾಗಿಯೇ ತಗ್ಗುತ್ತದೆ. ಪಟ್ಟಿಗೆ ಅದು ತಿಳಿಯದು. ಸುಗಲಾ ಅದನ್ನು ಓದಿದ್ದಳು, ಮರೆತಿದ್ದಳು.

"ಮೊದಲಿಂದ ಹಿಂಗೇನಾ?"

"ಮೊದಲ ನಮಗ ಎರಡು ಸರದಿ ಇತ್ತಲ್ಲ" ಎಂದಳು ಹಣಮವ್ವ, ಮಗುವಿಗೆ ತಿಳಿಹೇಳುವಂತೆ. "ಒಂದು ನಮಗ, ಒಂದು ಉಡಿಗಿ. ಹ್ವಾದ ವರ್ಷ ನಿಮ್ಮವರು ಒಂದು ಕಡಿಮಿ ಮಾಡಿದ್ರು. ಹೆದರಿದ್ವಿ. ಆದ್ರ ಪಟ್ಟಿ ನೋಡಿದ್ರ ಹಸರು. ಇಷ್ಟ್ ವರ್ಷ ಕೆಂಪಿದ್ದದ್ದು ಹಸರಾತು ಅಂದ್ರ ನಮಗ ಬಿಸಿಲು ಬೇಕಾಗಿಲ್ಲ ಅಂತಲೇ ಅರ್ಥ ಅಲ್ಲೇನು? ಹಂಗಾಗಿ ಉಳಿದದ್ದೂ ಉಡಿಗಿ ಹಾಕಿದ್ವಿ."

"ಒಂದಿನ ತಪ್ಪಸಲಿಲ್ಲ" ಎಂದು ಇನ್ನೊಬ್ಬಳು ಹೆಮ್ಮೆಯಿಂದ ಸೇರಿಸಿದಳು. "ತನಗಾದ್ರ ಮೈಗಳ್ಳತನ ಮಾಡಿ ಬಿಡಬಹುದು. ಉಡಿ ತುಂಬೂದು ತಪ್ಪಸಬಾರದು."

ಸುಗಲಾ ಕಟ್ಟೆಯ ಅಂಚಿಗೆ ಕೂತಳು. ಒಂದು ದಿನವೂ ತಪ್ಪಿಸದವರು. ಅವಳು ಊರಿನಿಂದ ಆರಿಸಿ ಆರಿಸಿ ತೆಗೆದದ್ದು ಇವರನ್ನೇ. ದಾಖಲೆಯಲ್ಲಿ ಎರಡು ಸರದಿ, ಮೈಮೇಲೆ ಒಂದು. ಕೊರತೆಯ ಕೊರಳುಗಳನ್ನೇ ಸಾಲಾಗಿ ನಿಲ್ಲಿಸಿ, ಮುಪ್ಪು ಅಂದರೆ ಇದೇ ಎಂದು ಗೆರೆ ಎಳೆದಿದ್ದಳು. ಆ ಗೆರೆ ಉಳಿದೊಂದು ಸರದಿಯನ್ನೂ ಕಿತ್ತುಕೊಂಡಿತ್ತು. ಎದುರಿಗೆ ಹನ್ನೆರಡೋ ಹದಿನೈದೋ ಮುದುಕಿಯರು, ಎಲ್ಲರ ಕೊರಳಲ್ಲೂ ಹಸಿರು. ಏಳುವಾಗ ಎಲ್ಲರೂ ಕೈಯೂರುತ್ತಿದ್ದರು. ಇಂದು ಮಣಿಕಟ್ಟು. ನಾಳೆ ಸೊಂಟ ಮುರಿದರೆ ಆಯಿ ಮತ್ತೆ ಏಳುವುದಿಲ್ಲ.

*

"ಯಾ ಅಲ್ಲಾ" ಎಂದರು ಖಮರುನ್ನೀಸಾ ಮೇಡಂ. ಕಟ್ಟೆಯ ಮೇಲೆ ಕಂಡದ್ದನ್ನು ಸುಗಲಾ ಹೇಳಿ ಮುಗಿಸಿದ್ದಳು.

"ಹಳೇ ಗೆರಿ ಹೊಳ್ಳಿ ಹಾಕಿಬಿಡ್ರಿ ಮೇಡಂ. ಇವತ್ತೇ."

"ಹಾಕಿದ್ರ? ಎಲ್ಲಾ ಕೆಂಪು. ಎರಡು ಸರದಿ. ಆ ಎರಡನ್ನೂ ಉಡಿಗೆ ಹಾಕೋದಿಲ್ಲ ಅಂತ ಏನು ಗ್ಯಾರಂಟಿ? ಇನ್ನೊಂದು ಮಾತು. ವಯಸ್ಸಿನಿಂದ ಹಾರ್ಮೋನು ಏರೋದೂ ಖರೇ ಅದ. ನಿಮ್ಮ ಅಜ್ಜಿಯ ನೂರಾ ಹತ್ತರಾಗ ವಯಸ್ಸಿನ ಪಾಲೆಷ್ಟು, ಉಡಿಯ ಪಾಲೆಷ್ಟು? ಹೇಳು ನೋಡೋಣ."

ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜವಾಗಿ ಬಿಸಿಲು ತುಂಬಿದ ಒಬ್ಬ ಮುದುಕಿಯ ಕೊರಳನ್ನೂ ಯಾರೂ ಅಳೆದಿರಲಿಲ್ಲ.

"ಬಾಗಿಲಿಗೆ ಕ್ಯಾಮೆರಾ ಹಾಕಿಸಬಹುದು" ಎಂದರು ಮೇಡಂ, ತಮಗೇ ಎಂಬಂತೆ. "ಕೊರಳು ಯಾರದೋ ಅವರೇ ಒಳಗೆ. ಮೇಲಿನವರಿಗೆ ಬರೆದರೆ ಅದನ್ನೇ ಮಾಡ್ತಾರೆ. ಆಗ ನಿಮ್ಮ ವೈನಿ?"

"ಕೂಸಿನ ಎಲುಬು."

"ಹೌದು."

ಸುಗಲಾ ಮತ್ತೆ ಅಡ್ಡಾಡತೊಡಗಿದಳು. ಈ ಸಲ ಮೇಡಂ ತಡೆಯಲಿಲ್ಲ. ಕಿಟಕಿಯಾಚೆ ಸಿಬ್ಬಂದಿಯ ಕೋಣೆಯ ಬಾಗಿಲ ಸಂದಿಯಿಂದ ಹಳದಿ ಬೆಳಕು ಸೋರುತ್ತಿತ್ತು. ಒಳಗೆ ಯಾರೋ ಚಹಾ ಕುಡಿಯುತ್ತ ಕಾಲು ಚಾಚಿ ಕೂತಿದ್ದರು. ಅವಳು ಅಲ್ಲೇ ನಿಂತಳು.

"ಆ ದೀಪ" ಎಂದಳು.

"ಯಾವುದು?"

"ನಮ್ಮದು. ಸರದಿ ಇಲ್ಲದ್ದು. ಮೊದಲ ನಮ್ಮ ಓಣಿ ಬಸುರಿಯರಿಗಿ ಅದನ್ನ ಕೊಡೂಣ. ನಾವು ಓಣ್ಯಾಗ ಸಾಲಿಗಿ ನಿಂದ್ರೂಣ. ಬಸುರಿಯರಿಗಿ ಬ್ಯಾರೆ ಕಡಿ ಸಿಕ್ಕರ ಮುದುಕಿಯರು ತಮ್ಮ ಬಿಸಿಲು ತಾವು ತಗೋಬಹುದು. ಒಂದು ಋತು ಪೂರ್ತಿ ತಗೊಂಡ್ರ, ಆಮ್ಯಾಲ ಅಳದು ಹೊಸ ಗೆರಿ ಎಳೀಬಹುದು."

ಮೇಡಂ ನಕ್ಕರು, ಸಂತೋಷದ ನಗುವಲ್ಲ. "ಇಲ್ಲಿ ಯಾರೂ ಸುಮ್ಮನೆ ಬಿಟ್ಟುಕೊಡೋದಿಲ್ಲ. ನನಗೂ ಐವತ್ತೆಂಟಮ್ಮಾ. ನನಗೂ ಎಲುಬವ." ಆಮೇಲೆ ಕೊರಳಪಟ್ಟಿಯನ್ನು ಬೆರಳಿನಿಂದ ಸ್ವಲ್ಪ ಸಡಿಲಿಸಿ, "ಸರಿ. ಜಗಳ ನಾನಾಡ್ತೀನಿ. ಆದ್ರ ನಿಮ್ಮ ಅಜ್ಜಿಯನ್ನ ಒಳಗೆ ಕೂಡಿಸೋದು ನಿನ್ನ ಕೆಲಸ. ಅಕಿ ಕೂತರ ಉಳಿದವರು ಕೂಡ್ತಾರೆ" ಎಂದರು.

*

ಜಗಳ ಮೇಡಂ ಗೆದ್ದರು. ಆಯಿಯ ಜೊತೆಗಿನದು ಹಾಗಿರಲಿಲ್ಲ.

"ಉಡಿಗಿ ಹಾಕಿದ್ದು ಹೊಳ್ಳಿ ತಗೀತಾರೇನು?" ಖೋಲಿಯ ಬಾಗಿಲ ಮುಂದೆ ಆಯಿ ಅಲುಗದೆ ನಿಂತಳು. ಹಿಂದೆ ಇಡೀ ಸಾಲು ಕಿವಿಗೊಟ್ಟಿತ್ತು. "ಬಸುರಿ ಕಣ್ಣೀರು ಹಾಕಿದ್ರ ಮನಿಗಿ ಒಳ್ಳೇದಲ್ಲ."

"ಅಕಿ ಅಳಲತ್ತಿಲ್ಲ ಆಯಿ. ಅಕಿಗಿ ಕೇಂದ್ರದಾಗ ದೀಪ ಸಿಕ್ಕದ."

"ಅದು ಸರಕಾರದ್ದು. ಇದು ನಂದು."

"ನಿನ್ನ ಎಲುಬು ಟೊಳ್ಳಾಗ್ಯಾದ."

"ಎಂಬತ್ತಕ್ಕ ಬಂದೀನಿ. ಟೊಳ್ಳಾಗಲಿ. ಇನ್ನ ನಾ ಯಾವ ಕುಸ್ತಿ ಆಡಬೇಕಾಗ್ಯಾದ?"

ಸಾಲಿನಲ್ಲಿ ನಗು ಎದ್ದಿತು. ಹಾರ್ಮೋನಿನ ಮಾತು, ಗೆರೆಯ ಮಾತು, ಎಲ್ಲ ಹೇಳಿ ಆಗಿತ್ತು. ಆಗ ವೈನಿ ಮುಂದೆ ಬಂದಳು. ಅವಳು ಕೇಂದ್ರಕ್ಕೆ ಹೊರಟವಳು, ದಾರಿಯಲ್ಲಿ ಇಲ್ಲಿ ನಿಂತಿದ್ದಳು.

"ಆಯಿ, ನನ್ನ ಕೂಸಿಗಿ ನೀರ್ ಎರೆಯಾಕಿ ಯಾರು?"

"ಯಾರಂದ್ರ? ನಾನೇ. ನಿನ್ನ ಗಂಡಗ ಎರೆದಾಕಿ ನಾ, ಇಕಿಗಿ ಎರೆದಾಕಿ ನಾ."

"ಕಾಲು ಚಾಚಿ ಕೂತು, ಕಾಲಿನ ಮ್ಯಾಲ ಕೂಸಿನ ಮಲಗಿಸಿ ಎಣ್ಣಿ ತಿಕ್ಕಿ ನೀರ್ ಹಾಕಬೇಕು. ನೆಲಕ್ಕ ಕೈ ಊರಿದ್ರ ಮುರೀತದ ನಿನಗ. ಅಂಥ ಎಲುಬಿನ ಕಾಲಿನ ಮ್ಯಾಲ ನನ್ನ ಕೂಸಿನ ನಾ ಹಾಕಂಗಿಲ್ಲ" ಎಂದಳು ವೈನಿ. ದನಿ ಏರಿಸಲಿಲ್ಲ. "ದವಾಖಾನಿ ನರ್ಸಿನ ಕೈಲೆ ಎರಸ್ತೀನಿ. ಬಚ್ಚಲದಾಗ, ಟಬ್ಬಿನಾಗ."

"ಟಬ್ಬಿನಾಗ" ಎಂದಳು ಆಯಿ. ಯಾರೋ ಬೈದಂತೆ ಮುಖ ಗಂಟಿಕ್ಕಿತು.

ಆಯಿ ವೈನಿಯನ್ನೊಮ್ಮೆ, ಅವಳ ಹೊಟ್ಟೆಯನ್ನೊಮ್ಮೆ ನೋಡಿ, ತಿರುಗಿ ಬಾಗಿಲಿಗೆ ಕೊರಳು ತಾಗಿಸಿದಳು. ಬಾಗಿಲು ತೆರೆಯಿತು. ಅಭ್ಯಾಸದಂತೆ ಬದಿಗೆ ಒಂದು ಹೆಜ್ಜೆ ಸರಿದಳು. ಅಲ್ಲೇ ತಡೆದು ನಿಂತು, ಒಳಗೆ ಹೋದಳು.

ಬಾಗಿಲಿನ ಸಣ್ಣ ಗಾಜಿಗೆ ಸುಗಲಾ ಹಣೆ ಒತ್ತಿದಳು. ಆಯಿ ಒಳಗೆ ಕಳವಳದಿಂದ ಅತ್ತಿತ್ತ ನೋಡುತ್ತಿದ್ದಳು, ಬೇರೆಯವರ ಮನೆಗೆ ಬಂದವಳಂತೆ. ಬೆಂಚಿನ ತುದಿಗೆ ಕೂತಳು. ಎದ್ದಳು. ಕಟ್ಟಿದ ಕೈಯನ್ನು ಬೆಳಕಿಗೆ ಹಿಡಿದಳು, ಇಳಿಸಿದಳು. ಈಗ ಹೊರಗೆ ಬಂದೇಬಿಡುತ್ತಾಳೆ ಎಂದು ಸುಗಲಾ ಬಾಗಿಲಿಗೆ ಅಡ್ಡ ನಿಲ್ಲಲು ಸಿದ್ಧಳಾದಳು. ಆದರೆ ಆಯಿ ಬೆಂಚು ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಧಾನ ನೆಲಕ್ಕೆ ಇಳಿದಳು. ಸೀರೆಯನ್ನು ಮೊಣಕಾಲಿನವರೆಗೆ ಸರಿಸಿದಳು. ಬಿಳಿಚಿಕೊಂಡ ಎರಡು ಕಾಲುಗಳನ್ನು ದೀಪದ ಕೆಳಗೆ ಚಾಚಿ, ಜೋಡಿಸಿ, ನಡುವೆ ಒಂದು ಕೂಸು ಮಲಗುವಷ್ಟು ಹಳ್ಳ ಮಾಡಿದಳು.